ಬಲಮೂಲೆಯ ಹೆಸರು

ಚಮಚದಿಂದ ಸ್ಟೀಲ್ ಲೋಟ ಬಡಿದ ಸದ್ದು ಕೇಳಿಸಿ ಅವನು ತಲೆಯೆತ್ತಿದ. ಆಸ್ಪತ್ರೆಯ ಅಂಕಿಅಂಶ ವಿಭಾಗದ ಆ ಕೋಣೆಯಲ್ಲಿ ಲೋಟವೂ ಇರಲಿಲ್ಲ, ಚಮಚವೂ ಇರಲಿಲ್ಲ. ಗೋಡೆಯ ಎಸಿಯೊಳಗೆ ಯಾವುದೋ ತಗಡು ಸಡಿಲವಾಗಿ ಆಗಾಗ ಟಿಣ್ ಎನ್ನುತ್ತಿತ್ತು, ಅಷ್ಟೆ. ಅದು ಗೊತ್ತಿದ್ದರೂ ಅವನ ಕಾಲುಗಳು ಮೇಜಿನ ಕೆಳಗೆ ಎದ್ದು ಹೊರಡುವುದಕ್ಕೆ ತಯಾರಾಗಿಬಿಟ್ಟಿದ್ದವು. ಮನೆಯಲ್ಲಿ ಆ ಸದ್ದಿಗೆ ಇದ್ದದ್ದು ಒಂದೇ ಅರ್ಥ: ಅಣ್ಣನಿಗೆ ಏನೋ ಬೇಕು. ನೀರು ಬೇಕಿರಬಹುದು, ಮಗ್ಗುಲು ಹೊರಳಿಸಬೇಕಿರಬಹುದು, ಬಟ್ಟೆ ಒದ್ದೆಯಾಗಿರಬಹುದು. ಅಥವಾ ಏನೂ ಬೇಕಿಲ್ಲದೆ, ತಮ್ಮ ಎದ್ದು ಬರುತ್ತಾನೋ ಇಲ್ಲವೋ ಎಂದು ನೋಡುವುದಷ್ಟೇ ಬೇಕಿರಬಹುದು. ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೂ ಅಣ್ಣನ ಬಲಗೈಯಲ್ಲಿ ಹಿಂದಿನ ಅಧಿಕಾರವೆಲ್ಲ ಹಾಗೇ ಉಳಿದಿತ್ತು. ಊರಿನ ಅರ್ಧ ಲಿಫ್ಟುಗಳ ಹೊಟ್ಟೆ ಬಗೆದು ರಿಪೇರಿ ಮಾಡಿದ ಕೈ ಅದು. ಅದೇ ಕೈ ಅವನಿಗೆ ಮಗ್ಗಿ ತಪ್ಪಿದ್ದಕ್ಕೆ ಬಾರಿಸಿತ್ತು, ಶಾಲೆಗೆ ಹೊರಡುವಾಗ ಶೂ ಲೇಸನ್ನು ಎಷ್ಟು ಬಿಗಿಯಾಗಿ ಕಟ್ಟಿತ್ತೆಂದರೆ ಒಂದು ಸಂಜೆ ಗಂಟು ಬಿಚ್ಚಲಾರದೆ ಅವನು ಶೂ ಹಾಕಿಕೊಂಡೇ ನಿದ್ದೆ ಹೋಗಿದ್ದ. ಬೆಳಿಗ್ಗೆ ಅಣ್ಣ ಅದನ್ನು ನೋಡಿ ನೆಂಟರ ಮುಂದೆಲ್ಲ ಹೇಳಿ ನಕ್ಕಿದ್ದ. ಅವನಿಗೆ ‘ಸೊಳ್ಳೆ’ ಎಂದು ಹೆಸರಿಟ್ಟವನೂ ಅಣ್ಣನೇ. ಈಗ ಅಣ್ಣನ ಬಾಯಿಂದ ಅರ್ಧ ಮಾತು ಸ್ಪಷ್ಟವಾಗಿ ಹೊರಡುತ್ತಿರಲಿಲ್ಲ. ಆದರೆ ಆ ಒಂದು ಶಬ್ದ ಮಾತ್ರ ಬೀದಿಗೆ ಕೇಳುವಷ್ಟು ಚೊಕ್ಕವಾಗಿ ಬರುತ್ತಿತ್ತು.

ಅವನ ಮುಂದೆ ನೋಟ್‌ಬುಕ್ ತೆರೆದಿತ್ತು. ಹೆಸರಿಗೆ ನೋಟ್‌ಬುಕ್, ಬ್ರೌಸರಿನಲ್ಲಿ ತೆರೆದುಕೊಳ್ಳುವ ಉದ್ದನೆಯ ಪುಟ. ಅದರಲ್ಲಿ ಚೌಕ ಚೌಕವಾಗಿ ಕೋಡು, ಪ್ರತಿ ಚೌಕದ ಅಡಿಯಲ್ಲಿ ಅದು ಓಡಿ ಕೊಟ್ಟ ಉತ್ತರ. ಇವತ್ತು ಆ ಪುಟದ ಕೊನೆಯ ಚೌಕದಿಂದ ಹನ್ನೆರಡು ಸಾಲು ಹೊರಬರಬೇಕಿತ್ತು. ಕೈಕಾಲು ಬಿದ್ದವರಿಗೆ ಮತ್ತೆ ನಡೆಯುವುದನ್ನು ಕಲಿಸುವ ವಾರ್ಡಿನಲ್ಲಿ ಖಾಲಿಯಾಗುತ್ತಿದ್ದದ್ದು ಹನ್ನೆರಡೇ ಹಾಸಿಗೆ, ಕಾದಿದ್ದವರು ನೂರಾರು ಜನ. ವಯಸ್ಸು, ಕಾಯಿಲೆ ಹೊಡೆದು ಎಷ್ಟು ಕಾಲವಾಯಿತು, ಕೈಯ ಬಲ, ಮಾತು, ನಡಿಗೆ ಪರೀಕ್ಷೆ, ಇಷ್ಟನ್ನೂ ಕೂಡಿಸಿ ಕಳೆದು, ಯಾರಿಗೆ ಆ ಹಾಸಿಗೆಯಿಂದ ಹೆಚ್ಚು ಉಪಯೋಗವಾದೀತು ಎಂದು ನೋಟ್‌ಬುಕ್ಕು ಒಬ್ಬೊಬ್ಬರಿಗೂ ಅಂಕ ಕೊಡುತ್ತಿತ್ತು. ಹೆಸರುಗಳಿರಲಿಲ್ಲ, ನಂಬರು ಮಾತ್ರ. ಅಣ್ಣನ ನಂಬರಿನ ಕೊನೆಯಲ್ಲಿ ನಾಲ್ಕು ಒಂದು ಏಳು. ಅತ್ತಿಗೆ ನೋಂದಣಿ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದಳು. ಬಾಗಿಲು ತೆರೆದಾಗಲೆಲ್ಲ ಅದು ಅವನ ಮುಖಕ್ಕೇ ಬರುತ್ತಿತ್ತು. ಮೊದಲ ಆರು ತಿಂಗಳಲ್ಲಿ ಕೈಕಾಲಿಗೆ ಮರಳಿ ಬಂದ ಬಲವೇ ಬಲ, ಆಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಮುಂದಿನ ಸರದಿ ಬರುವ ಹೊತ್ತಿಗೆ ಆ ಆರು ತಿಂಗಳು ಮುಗಿದಿರುತ್ತಿದ್ದವು.

ಕಾದಿರುವವರಲ್ಲಿ ಸಂಬಂಧಿಕರಿದ್ದರೆ ಮೊದಲೇ ಹೇಳಿ, ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎಂಬುದು ವಿಭಾಗದ ನಿಯಮ. ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ವಿಭಾಗ ನೋಡಿಕೊಳ್ಳುವ ಮೇಡಂ ಒಂದು ಕ್ಷಣ ಪಾಪ ಎಂದು, ಪಕ್ಕದ ಮೇಜಿನವನಿಗೆ ಕೊಟ್ಟುಬಿಡುತ್ತಿದ್ದರು. ಅವನು ಹೇಳಲಿಲ್ಲ. ಮೋಸ ಮಾಡುವ ಯೋಚನೆ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಮೇಡಂ ಕೇಳಿದಾಗ, ಅಣ್ಣ ಅತ್ತಿಗೆ, ಅಣ್ಣ ಲಿಫ್ಟ್ ಕಂಪನಿಯಲ್ಲಿ ಇಂಜಿನಿಯರ್ ಎಂದುಬಿಟ್ಟಿದ್ದ. ಯಾರೂ ಕೇಳದಿದ್ದರೂ ಬಾಯಿಂದ ಬಂದ ಸುಳ್ಳು. ಗ್ರೀಸು ಮೆತ್ತಿದ ನೀಲಿ ಶರ್ಟು ಹಾಕಿಕೊಂಡು ಟೂಲ್ ಬ್ಯಾಗು ಹೊತ್ತು ಓಡಾಡುವ ಮೆಕ್ಯಾನಿಕ್ಕು ಎಂದಿದ್ದರೆ ಮೇಡಂ ಅದಕ್ಕೂ ಅಷ್ಟೇ ತಲೆಯಾಡಿಸುತ್ತಿದ್ದರು. ಆಮೇಲೆ ಕಾಯಿಲೆ ಬಂತು. ಇಂಜಿನಿಯರ್ ಅಣ್ಣನಿಗೆ ಆ ಕಾಯಿಲೆ ತರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ; ಕಾಯಿಲೆಯ ಸುದ್ದಿ ಹೇಳಿದರೆ ಜೊತೆಗೆ ಮೆಕ್ಯಾನಿಕ್ಕೂ ಹೊರಬೀಳುತ್ತಿದ್ದ. ಸುಮ್ಮನಾದ. ಸುಮ್ಮನಿದ್ದದ್ದು ದಿನ ಕಳೆದಂತೆ ಗಟ್ಟಿಯಾಯಿತು.

ಪಕ್ಕದ ಮೇಜಿನವನ ಮಾತಿಗೆ ಫುಲ್‌ಸ್ಟಾಪ್ ಇಲ್ಲದ್ದರಿಂದ ಎಲ್ಲರೂ ಅವನನ್ನು ಕಾಮಾ ಎಂದು ಕರೆಯುತ್ತಿದ್ದರು. ಸೇರಿದ ಹೊಸದರಲ್ಲಿ ಕಂಪ್ಯೂಟರಿನಲ್ಲಿ ಕೋಡು ಓಡಿಸುವ ಎರಡು ಬೇರೆ ಬೇರೆ ಜಾಗಗಳನ್ನು, ಅಂದರೆ ಎನ್ವಿರಾನ್‌ಮೆಂಟುಗಳನ್ನು, ಪರಿಚಯಿಸಿದವನು ಕಾಮಾ. ಹಿಂದೆ ಯಾರೋ ಅವಕ್ಕೆ ಹಳೇಮನೆ, ಹೊಸಮನೆ ಎಂದು ಹೆಸರಿಟ್ಟು ಹೋಗಿದ್ದರು. "ಅಂಕ ಹಾಕೋ ರೆಡಿಮೇಡ್ ಕೋಡು, ಲೈಬ್ರರಿ ಅಂತೀವಲ್ಲ, ಅದು ಒಂದೇ ಗುರೂ, ವರ್ಷನ್ ಎರಡು, ಒಂದೇ ಕಡೆ ಇಟ್ರೆ ಒಂದರ ಕಾಲು ಇನ್ನೊಂದು ತುಳಿಯುತ್ತೆ, ಡಾಕ್ಟರು ಹಳೇ ರಿಪೋರ್ಟ್ ಕೇಳಿದ್ರೆ ಹೊಸದು ಓಡಲ್ಲ ಅನ್ನುತ್ತೆ, ಹೊಸದು ಕೇಳಿದ್ರೆ ಹಳೇದು ಮುಖ ತಿರುಗಿಸುತ್ತೆ, ಅದಕ್ಕೇ ಒಲೆ ಬೇರೆ ಮಾಡಿಟ್ಟಿದೀವಿ, ಅಣ್ಣತಮ್ಮಂದಿರ ಹಾಗೆ, ಇವನ ಪಾತ್ರೆ ಅವನು ಮುಟ್ಟಲ್ಲ, ನೀನು ಯಾರ ಮನೇಲಿ ಊಟಕ್ಕೆ ಕೂತಿದೀಯ ಅಂತ ಬಲಮೂಲೇಲಿ ಬರೆದಿರುತ್ತೆ, ನೋಡ್ಕೊಂಡು ಕೂತ್ಕೋ, ಅಷ್ಟೇ ವಿದ್ಯೆ," ಎಂದಿದ್ದ. ಪುಟದ ಬಲಮೂಲೆಯಲ್ಲಿ ಸಣ್ಣಕ್ಷರದ ಆ ಹೆಸರು. ಅದನ್ನು ಒತ್ತಿದರೆ ಇನ್ನೊಂದು ಹೆಸರು ಕೆಳಗಿಳಿಯುತ್ತಿತ್ತು. ಆರಿಸಿದರೆ ಮನೆ ಬದಲು. ಆ ವಾರವೇ ಅವನು ಮನೆ ಬದಲಿಸಿ, ಓಡಿಸುವುದನ್ನು ಮರೆತು, ಹಿಂದಿನ ಮನೆಯ ಉತ್ತರವನ್ನೇ ಮೇಡಂಗೆ ತೋರಿಸಿದ್ದ. ಕಾಮಾ ಕೋಣೆಗೆಲ್ಲ ಕೇಳುವಂತೆ ನಕ್ಕಿದ್ದ. "ಮನೆ ಬದಲಾಯಿಸಿದ್ರೆ ಪುಟ ತಾನಾಗೇ ಬದಲಾಗುತ್ತೇನೋ, ಹಳೇ ಉತ್ತರ ಅಲ್ಲೇ ಕೂತಿರುತ್ತೆ, ಸತ್ತೋರ ಫೋಟೋ ಗೋಡೆ ಮೇಲೆ ನಗ್ತಾ ಇರುತ್ತಲ್ಲ ಹಾಗೆ," ಎಂದಿದ್ದ. ಉಳಿದವರೂ ನಕ್ಕರು. ಮೇಡಂ ನಗಲಿಲ್ಲ. ಅವರು ನಗದಿದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಇವತ್ತು ಬೆಳಿಗ್ಗೆ ಬಂದವನೇ ಚಹಾ ಕೂಡ ಕುಡಿಯದೆ ನೋಟ್‌ಬುಕ್ ತೆರೆದು ಮೇಲಿಂದ ಕೆಳಗಿನವರೆಗೆ ಓಡಿಸಿದ್ದ. ಚೌಕಗಳು ಒಂದೊಂದಾಗಿ ಉಸಿರು ಬಿಟ್ಟವು. ಕೊನೆಯಲ್ಲಿ ಹನ್ನೆರಡು ಸಾಲಿನ ಕೋಷ್ಟಕ ಬಂತು. ಹನ್ನೆರಡನೆಯದು 417. ಅವನ ಕಿವಿ ಬಿಸಿಯಾಯಿತು. ಪುಟವನ್ನು ಮೇಲೆ ಸರಿಸಿ, ಮತ್ತೆ ಕೆಳಗೆ ತಂದು ನೋಡಿದ. ಅಲ್ಲೇ ಇತ್ತು. ಆಗ ಬಲಮೂಲೆಯ ಕಡೆ ಕಣ್ಣು ಹೋಯಿತು: ಹಳೇಮನೆ. ನಿನ್ನೆ ಯಾವುದೋ ಹಳೆಯ ವರದಿ ಮಾಡಿ ಹಾಗೇ ಬಿಟ್ಟುಹೋಗಿದ್ದ. ಹಾಸಿಗೆಯ ಅಂಕಗಳನ್ನು ಇನ್ನು ಮೇಲೆ ಹೊಸಮನೆಯಲ್ಲೇ ಹಾಕತಕ್ಕದ್ದು ಎಂದು ಸುತ್ತೋಲೆ ಬಂದಿತ್ತು. ಅವನು ಹೆಸರನ್ನು ಒತ್ತಿ ಹೊಸಮನೆಯನ್ನು ಆರಿಸಿದ. ಮೂಲೆಯ ಸಣ್ಣ ವೃತ್ತ ಒಂದು ಸುತ್ತು ತುಂಬಿ ಖಾಲಿಯಾಯಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಅತ್ತಿಗೆ.

ಅವನು ಫೋನು ಹಿಡಿದು ಹೊರಗಿನ ಕಾರಿಡಾರಿಗೆ ಬಂದ. "ಕೆಲಸದ ಮಧ್ಯೆ ಮಾಡಿದ್ನೇನೋ," ಅಂದಳು ಅತ್ತಿಗೆ. "ಇಲ್ಲ, ಹೇಳಿ ಅತ್ತಿಗೆ." "ಏನಿಲ್ಲ. ಇವತ್ತು ಗೊತ್ತಾಗುತ್ತೆ ಅಂದಿದ್ಯಲ್ಲ. ನಿಮ್ಮಣ್ಣ ಬೆಳಿಗ್ಗೆಯಿಂದ ನನ್ನ ಜೀವ ತಿಂತಿದಾರೆ. ಮಾಡು, ಕೇಳು, ಮಾಡು, ಕೇಳು ಅಂತ." "ನೋಡ್ತಾ ಇದೀನಿ. ನಾನೇ ಫೋನ್ ಮಾಡ್ತೀನಿ." "ಆಗದಿದ್ರೂ ಹೇಳಿಬಿಡಪ್ಪ, ಸುಮ್ನೆ ಕಾಯಿಸ್ಬೇಡ," ಅಂದಳು. ಅವಳ ಹಿಂದೆ ಲೋಟದ ಸದ್ದು ಕೇಳಿತು, ಈ ಸಲ ನಿಜವಾದದ್ದು. ಫೋನು ಇಟ್ಟ ಮೇಲೂ ಅವನು ಕಿಟಕಿಯ ಹತ್ತಿರ ನಿಂತೇ ಇದ್ದ. ಅದೇ ಕಾರಿಡಾರು. ಒಂದು ತುದಿಯಲ್ಲಿ ಥೆರಪಿ ಕೋಣೆ, ಇನ್ನೊಂದು ತುದಿಯಲ್ಲಿ ಕ್ಯಾಂಟೀನು, ನಡುವೆ ಅವನ ವಿಭಾಗದ ಗಾಜಿನ ಬಾಗಿಲು. ಹೋದ ತಿಂಗಳು ನಡಿಗೆ ಪರೀಕ್ಷೆಯ ದಿನ ರಜೆ ಹಾಕಿ, ಅಣ್ಣನನ್ನು ಗಾಲಿಕುರ್ಚಿಯಲ್ಲಿ ಇಲ್ಲಿಯವರೆಗೂ ತಳ್ಳಿಕೊಂಡು ಬಂದಿದ್ದ. ತಲೆಗೆ ಟೋಪಿ ಹಾಕಿಕೊಂಡಿದ್ದ. ಗುರುತು ಸಿಗಬಾರದೆಂದು ಅಲ್ಲ, ಬಿಸಿಲಿಗೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಥೆರಪಿ ಕೋಣೆಯ ಬಾಗಿಲು ಎದುರಿಗೇ ಇತ್ತು. ಅಣ್ಣ ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. ಬಾಯ ಓರೆಯಿಂದ ಜೊಲ್ಲು ಇಳಿಯುತ್ತಿದ್ದರೂ, "ಸೊಳ್ಳೇ, ನಿನ್ನ ಆಫೀಸು ಯಾವುದೋ?" ಎಂದು ಕೂಗಿ ಕೇಳಿದ. ಕೂಗುತ್ತಿದ್ದೇನೆಂದು ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ದನಿಯ ಹಿಡಿತವೂ ಎಡಗೈಯ ಜೊತೆಗೇ ಹೋಗಿತ್ತು. ಆಗ ಕ್ಯಾಂಟೀನಿನ ಕಡೆಯಿಂದ ಎರಡು ಕೈಯಲ್ಲಿ ಚಹಾ ಹಿಡಿದು ಕಾಮಾ ಬರುತ್ತಿದ್ದ. ಇನ್ನೂ ದೂರವಿದ್ದ. ಕುರ್ಚಿ ಹಿಡಿದಿದ್ದ ಅವನ ಕೈ ತಾನಾಗಿಯೇ ಅದನ್ನು ತಿರುಗಿಸಿಬಿಟ್ಟಿತು. ಹಿಂದಿನ ಇಳಿಜಾರಿನಿಂದ ಹೊರಗೆ ಬಂದು ನಿಂತಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಯಾಕೋ?" ಅಂದ ಅಣ್ಣ. "ಇವತ್ತು ಮೆಷಿನ್ ಕೆಟ್ಟಿದೆಯಂತೆ. ಮತ್ತೆ ಕರೀತಾರಂತೆ." ಅಣ್ಣ ಮನೆ ತಲುಪುವವರೆಗೂ ಅದೇನು ಮೆಷಿನ್ನು, ಮೋಟಾರಿಂದೋ ಬೆಲ್ಟಿಂದೋ, ತನ್ನನ್ನು ಒಳಗೆ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದೆ ಎಂದು ತೊದಲುತ್ತಲೇ ಇದ್ದ. ನಡಿಗೆ ಪರೀಕ್ಷೆಗೆ ಮೆಷಿನ್ನೇ ಇಲ್ಲ. ನೆಲದ ಮೇಲೆ ಎರಡು ಹಳದಿ ಗೆರೆ, ಒಬ್ಬಳು ಥೆರಪಿಯವಳು, ಅಷ್ಟೆ.

ಒಳಗೆ ಬಂದು ಕೂತ. ಬಲಮೂಲೆಯಲ್ಲಿ ಹೊಸಮನೆ ಎಂದಿತ್ತು. ಕೆಳಗೆ ಹನ್ನೆರಡು ಸಾಲು. ಹನ್ನೆರಡನೆಯದು 417. ಅವನು ಎರಡನ್ನೂ ನೋಡಿದ, ಮೂಲೆ, ಸಾಲು, ಮೂಲೆ, ಸಾಲು. ಆಯಿತು. ಅವನಿಗೆ ಮೊದಲು ಬಂದ ಯೋಚನೆ ಅಣ್ಣ ನಡೆದಾಡುವುದಲ್ಲ. ಮನೆಯ ಹಾಲ್‌ನಲ್ಲಿ ಅಣ್ಣನ ಮಂಚ ಇರುವುದಿಲ್ಲ ಎಂಬುದು. ಕಿಟಕಿ ತೆರೆದು ಆ ವಾಸನೆಯನ್ನೆಲ್ಲ ಹೊರಗೆ ಕಳಿಸಬಹುದು. ಲೋಟವನ್ನು ತೊಳೆದು ಅಡುಗೆಮನೆಯ ಕಪಾಟಿನಲ್ಲಿ ಬೋರಲು ಹಾಕಬಹುದು. ಈಗ ಮಲಗುತ್ತಿದ್ದ ಮಂಚದ ಪಕ್ಕದ ನೆಲ ಬಿಟ್ಟು, ಎಲ್ಲಿ ಬೇಕಾದರೂ, ಗೋಡೆಯ ಕಡೆ ಮುಖ ಮಾಡಿ, ಬೆಳಗಿನವರೆಗೆ ಸತ್ತ ಹಾಗೆ ಮಲಗಬಹುದು. ಎರಡನೆಯ ಯೋಚನೆಯಾಗಿ ಅಣ್ಣ ನಡೆಯುವುದು ಬಂತು. ಅದು ಎರಡನೆಯದಾಗಿ ಬಂದದ್ದಕ್ಕೆ ಅವನು ಅದನ್ನೇ ಮೊದಲನೆಯದೆಂಬಂತೆ ಇನ್ನೊಂದು ಸಲ ಯೋಚಿಸಿದ. ಆಮೇಲೆ ಕಾರಿಡಾರಿಗೆ ಹೋಗಿ ಫೋನು ಮಾಡಿದ. "ಆಯ್ತು ಅತ್ತಿಗೆ." ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದು. "ಅತ್ತಿಗೇ?" "ಇದೀನಪ್ಪ, ಕೇಳ್ತಿದೀನಿ," ಅಂದಳು. "ನೀನು ಅಲ್ಲಿರೋದಕ್ಕೆ ಆಯ್ತು." "ನಾನೇನೂ ಮಾಡಿಲ್ಲ. ಅಂಕದ ಮೇಲೆ ಬಂದಿದೆ." "ಗೊತ್ತು ಬಿಡು," ಅಂದಳು, ಗೊತ್ತಿಲ್ಲದವರ ಹಾಗೆ. ಅವಳು ಆ ಕಡೆ ತಿರುಗಿ ಅಣ್ಣನಿಗೆ ಹೇಳಿದ್ದು ಕೇಳಿತು. ಆಮೇಲೆ ಫೋನು ಒಡೆದುಹೋಗುವ ಹಾಗೆ ಅಣ್ಣನ ದನಿ: "ಸೊಳ್ಳೇ!" ಅವನು ಯಾರಿಗಾದರೂ ಕೇಳಿತೇನೋ ಎಂದು ಗಾಜಿನ ಬಾಗಿಲ ಕಡೆ ನೋಡಿದ.

ಮಧ್ಯಾಹ್ನ ಮೇಡಂ ಅವನ ಕುರ್ಚಿಯ ಹಿಂದೆ ಬಂದು ನಿಂತರು. ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. "ಆಯ್ತೇನ್ರೀ?"

"ಆಯ್ತು ಮೇಡಂ."

"ಯಾವುದ್ರಲ್ಲಿ ಓಡ್ಸಿದ್ರಿ?"

"ಹೊಸಮನೇಲೇ," ಎಂದು ಅವನು ಮೂಲೆಗೆ ಬೆರಳು ತೋರಿಸಿದ.

"ಸರಿ. ಮೊದಲಿಂದ ಒಂದ್ಸಲ ಓಡ್ಸಿಬಿಡಿ. ತಪ್ಪು ತಿಳ್ಕೋಬೇಡಿ, ನನ್ನ ಕಣ್ಣ ಮುಂದೆ ಓಡಿದ್ದನ್ನ ಮಾತ್ರ ನಾನು ಕಳಿಸೋದು."

ಅವನ ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತುವ ಮೊದಲೇ ಅವನಿಗೆ ಗೊತ್ತಾಯಿತು. ಬೆಳಿಗ್ಗೆ ಮನೆ ಬದಲಿಸಿದ ಮೇಲೆ ಫೋನು ಬಂದಿತ್ತು. ಫೋನಿನಿಂದ ಬಂದು ಕೂತವನು ನೋಡಿದ್ದ, ಓಡಿಸಿರಲಿಲ್ಲ. ಬೆಳಗಿನಿಂದ ಅವನು ಹಳೇಮನೆಯ ಉತ್ತರವನ್ನು ಹೊಸಮನೆಯ ಹೆಸರಿನ ಕೆಳಗಿಟ್ಟುಕೊಂಡು ಕೂತಿದ್ದ. ಒತ್ತಿದ. ಉತ್ತರಗಳೆಲ್ಲ ಒಟ್ಟಿಗೆ ಅಳಿಸಿಹೋಗಿ ಪುಟ ಬೆತ್ತಲಾಯಿತು. ಚೌಕಗಳ ಪಕ್ಕದಲ್ಲಿ ಓಡುತ್ತಿದೆ ಎಂಬ ಗುರುತಿನ ನಕ್ಷತ್ರಗಳು ಮೂಡಿ, ಓಡಿ ಮುಗಿದಂತೆ ಒಂದೊಂದೇ ಅಂಕಿಯಾಗುತ್ತ ಕೆಳಗಿಳಿದವು. ನಡುವೆ ಒಂದು ಕಡೆ ತಿಳಿಗುಲಾಬಿ ಬಣ್ಣದ ಪಟ್ಟೆಯಲ್ಲಿ ಎಚ್ಚರಿಕೆ ಬಂತು: ಖಾಲಿ ಜಾಗವಿರುವ ಸಾಲುಗಳನ್ನು ಕೈಬಿಡಲಾಗಿದೆ. ಕೊನೆಯ ಕೋಷ್ಟಕದಲ್ಲಿ ಹನ್ನೊಂದು ಸಾಲು ಮೊದಲಿನವೇ. ಹನ್ನೆರಡನೆಯದು ಬೇರೆ.

"ಮೊದಲು ಕೊನೇಲಿ ಇನ್ನೇನೋ ಇತ್ತಲ್ಲ? ನಾಲ್ಕು ಒಂದು ಏಳು?" ಅಂದರು ಮೇಡಂ.

"ಹೊಸಮನೇಲಿ ಕೂತು ಹಳೇಮನೆ ಎಂಜಲು ತಟ್ಟೆ ತೋರಿಸ್ತಿದ್ದ ಮೇಡಂ, ಸೇರಿದಾಗ ಮಾಡಿದ್ದನ್ನೇ ಮತ್ತೆ ಮಾಡಿದಾನೆ, ಒಳ್ಳೇ ಸ್ಥಿರ ಮನುಷ್ಯ," ಅಂದ ಕಾಮಾ ತನ್ನ ಪರದೆಯಿಂದ ಕಣ್ಣು ತೆಗೆಯದೆ. ಎದುರು ಸಾಲಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು.

ಮೇಡಂ ಬಗ್ಗಿ ಮೂಲ ಕೋಷ್ಟಕ ತೆಗೆಸಿ 417ನ್ನು ಹುಡುಕಿದರು. "ನೋಡಿ, ನಡಿಗೆ ಪರೀಕ್ಷೆ ಖಾಲಿ. ಹಳೇದು ಖಾಲಿ ಕಂಡ್ರೆ ಎಲ್ಲರ ಸರಾಸರಿ ತಾನೇ ತುಂಬ್ಕೊಂಡು ಹೋಗ್ತಿತ್ತು. ಹೊಸದು ಊಹೆ ಮಾಡಲ್ಲ, ಸಾಲನ್ನೇ ಎತ್ತಿ ಆಚೆ ಇಡುತ್ತೆ. ಸುತ್ತೋಲೇಲಿ ಬರೆದಿತ್ತಲ್ರೀ, ಓದಿಲ್ವಾ?"

ಓದಿದ್ದ. ಸಹಿ ಮಾಡುವ ಮೊದಲು ಎರಡು ಸಲ ಓದಿದ್ದ. ಓದಿದ್ದು ಇವತ್ತು ಬೆಳಿಗ್ಗೆ ಎಲ್ಲಿ ಹೋಗಿತ್ತು? ಆ ಜಾಗ ಖಾಲಿ ಇದೆ ಎಂದು ಜಗತ್ತಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿತ್ತು. ಗೊತ್ತಿದ್ದವನು 417 ಕಂಡ ಕೂಡಲೇ ಇದು ಹೇಗೆ ಎಂದು ಕೇಳಬೇಕಿತ್ತು. ಅವನು ಕೇಳಿರಲಿಲ್ಲ. ಮರೆತನೋ, ಮರೆಯಲು ಬಿಟ್ಟನೋ, ಈಗ ತನ್ನನ್ನೇ ತಡವಿ ನೋಡಿಕೊಂಡರೆ ಎರಡೂ ಒಂದೇ ತರಹ ಕೈಗೆ ಹತ್ತುತ್ತಿದ್ದವು.

"ಪಾಪ, ಉಳಿದ ಅಂಕವೆಲ್ಲ ಚೆನ್ನಾಗಿದೆ," ಅಂದರು ಮೇಡಂ. ಆಮೇಲೆ ಅವನ ಕಡೆ ನೋಡಿ, "ಯಾಕ್ರೀ, ಮುಖ ಹಾಗಾಯ್ತು? ಗೊತ್ತಿರೋರಾ?"

"ಇಲ್ಲ ಮೇಡಂ."

ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದೆ ಬರುವ ಹಾಗೆ ಬಂತು. ಮೇಡಂ ತಲೆಯಾಡಿಸಿ, ಕನ್ನಡಕ ಹಾಕಿಕೊಂಡು, ನೆಟ್ಟಗೆ ನಿಂತರು. "ನಾನು ಸಂಜೆ ಕಳಿಸೋದು. ಅಷ್ಟರೊಳಗೆ ಅವರ ಮನೆಯವರು ಕರ್ಕೊಂಡ್ಬಂದ್ರೆ ಪರೀಕ್ಷೆ ಮಾಡಿಸಿ ಸೇರಿಸಬಹುದು. ಥೆರಪಿಯವರು ಹೇಗೂ ಇದಾರೆ, ನಾನು ಹೇಳ್ತೀನಿ. ನೀವು ನೋಂದಣಿಯಿಂದ ನಂಬರ್ ತಗೊಂಡು ಒಂದು ಫೋನ್ ಮಾಡಿ. ನಮ್ಮ ಕೈಲಾಗೋದು ಇಷ್ಟೇ. ಎತ್ತದಿದ್ರೆ ಬೇರೆ ಮಾತು."

ನೋಂದಣಿಗೆ ಹೋಗುವ ಅಗತ್ಯವಿರಲಿಲ್ಲ. ಅವನು ಮೆಟ್ಟಿಲ ತಿರುವಿನಲ್ಲಿ ಹೋಗಿ ನಿಂತ. ಅತ್ತಿಗೆಯ ಹೆಸರು ಫೋನಿನಲ್ಲಿ ಮೇಲೆಯೇ ಇತ್ತು. ಒಂದು ಬೆರಳು ಒತ್ತಿದರೆ ಸಾಕು. ಬಾಡಿಗೆ ಗಾಡಿ ಹಿಡಿದರೆ ಮನೆಯಿಂದ ಇಲ್ಲಿಗೆ ಎಷ್ಟು ಮಹಾ ದೂರ. ಗಾಡಿಯಿಂದ ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ಈ ಕಾರಿಡಾರಿನಲ್ಲಿ ತರಬೇಕು. ಗಾಜಿನ ಬಾಗಿಲ ಮುಂದೆ ಅಣ್ಣ ಕೂಗದೆ ಇರುವುದಿಲ್ಲ. ಇವತ್ತಂತೂ ಕೂಗಿಯೇ ಕೂಗುತ್ತಾನೆ. ಮೇಡಂ ಹೊರಗೆ ಬಂದು, ಕನ್ನಡಕದ ಮೇಲಿಂದ ಒಮ್ಮೆ ಅಣ್ಣನನ್ನು ನೋಡಿ, ಒಮ್ಮೆ ಅವನನ್ನು ನೋಡಿ, ಇಬ್ಬರ ಮೂಗು ಒಂದೇ ಅಚ್ಚಿನದೆಂದು ಕಂಡು, ಏನೂ ಅನ್ನದೆ ಒಳಗೆ ಹೋಗುತ್ತಾರೆ. ಮೊದಲೇ ಹೇಳಿದ್ದರೆ ಇದೇನೂ ಇಲ್ಲ. ಒಂದು ಗಂಟೆಯ ಹಿಂದೆ ಹೇಳಿದ್ದರೂ ಒಂದು ಪೆಚ್ಚು ನಗೆಯಲ್ಲಿ ಮುಗಿಯುತ್ತಿತ್ತು. ಈಗ ‘ಇಲ್ಲ ಮೇಡಂ’ ಎಂದಾಗಿತ್ತು. ಆ ಎರಡು ಶಬ್ದವನ್ನು ವಾಪಸು ನುಂಗಿದರೆ ಮಾತ್ರ ಅಣ್ಣ ಆ ಬಾಗಿಲು ದಾಟಬಹುದಿತ್ತು. ನುಂಗಬಲ್ಲೆ ಅನ್ನಿಸಿತು. ಒಂದು ನಿಮಿಷ ಬೇಕು, ಉಸಿರು ಸರಿಯಾಗಲಿ, ಆಮೇಲೆ ಮಾಡುತ್ತೇನೆ ಎಂದುಕೊಂಡ. ಕೆಳಗಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಕಾಮಾ, ಎರಡು ಕೈಯಲ್ಲಿ ಕೆಳಗಿನ ಅಂಗಡಿಯ ಚಹಾ. ಅವನು ಏನೂ ಒತ್ತದ ಫೋನನ್ನು ಕಿವಿಗೆ ಹಿಡಿದ.

"ಎತ್ತಿದ್ರಾ?" ಅಂದ ಕಾಮಾ.

ಅವನು ಇಲ್ಲವೆಂದು ತಲೆಯಾಡಿಸಿದ.

"ಇಂಥೋರಿಗೆಲ್ಲ ಯಾರು ಸಹಾಯ ಮಾಡೋಕಾಗುತ್ತೆ ಹೇಳು, ಮನೇಲಿ ಬಿದ್ದಿರ್ತಾರೆ, ನೋಡ್ಕೊಳ್ಳೋರಿಗೆ ಬೇಡ, ಫೋನ್ ಎತ್ತಲ್ಲ, ಆಮೇಲೆ ಆಸ್ಪತ್ರೇನ ಬೈತಾರೆ, ಬಾ, ಚಹಾ ಆರಿಹೋಗುತ್ತೆ," ಎಂದು ಕಾಮಾ ಮೇಲಿನ ಮೆಟ್ಟಿಲು ಹತ್ತಿದ. ತಲೆಯಾಡಿಸಿದ ಮೇಲೆ ಅವನ ಮೈ ಹಗುರಾಗಿತ್ತು. ಹಾಗೆ ಹಗುರಾದದ್ದಕ್ಕೆ ಅವನಿಗೆ ಹೆದರಿಕೆಯಾಯಿತು. ಫೋನು ಇನ್ನೂ ಕಿವಿಯಲ್ಲೇ ಇತ್ತು, ಆಗ ಅದು ಹೊಡೆದುಕೊಂಡಿತು. ಬೆಚ್ಚಿ ಕೆಳಗೆ ಬೀಳಿಸುವುದರಲ್ಲಿದ್ದ. ಅತ್ತಿಗೆ. ಅವನು ಮೇಲೆ ನೋಡಿದ. ಕಾಮಾನ ಚಪ್ಪಲಿಯ ಸದ್ದು ತಿರುವಿನಲ್ಲಿ ಮರೆಯಾಗಿತ್ತು.

"ಇನ್ನೊಂದೇ ಮಾತು, ಇಡ್ತೀನಿ," ಅಂದಳು ಅತ್ತಿಗೆ. ಅವಳ ದನಿಯಲ್ಲಿ ಎಷ್ಟೋ ಕಾಲದಿಂದ ಕೇಳದ ಒಂದು ಓಡಾಟವಿತ್ತು. ಕಪಾಟಿನ ಬಾಗಿಲು ತೆಗೆದು ಹಾಕುವ ಸದ್ದು ಕೇಳುತ್ತಿತ್ತು. "ಬ್ಯಾಗಿಗೆ ತುಂಬ್ತಿದೀನಿ. ಅಲ್ಲಿ ಹೊದಿಕೆ ನಾವೇ ತರ್ಬೇಕಾ?"

ಹೇಳುವುದಾದರೆ ಇದೇ ಕ್ಷಣ. ಬ್ಯಾಗು ಬಿಡಿ, ಈಗಲೇ ಹೊರಡಿ, ಗಾಡಿ ಹಿಡಿದು ಬನ್ನಿ, ಗೇಟಿನ ಹತ್ತಿರ ನಾನಿರುತ್ತೇನೆ. ಮಾತುಗಳು ಸಾಲಾಗಿ, ಸರಿಯಾದ ಕ್ರಮದಲ್ಲೇ ನಿಂತಿದ್ದವು.

"ಬೇಡ ಅತ್ತಿಗೆ," ಅಂದ. "ಅಲ್ಲೇ ಕೊಡ್ತಾರೆ."

ಮೇಡಂಗೆ ಎತ್ತಲಿಲ್ಲವೆಂದು ಹೇಳಿದ. ಅವರು ಛೇ ಎಂದರು. ಸಂಜೆ ಕೋಷ್ಟಕ ವಾರ್ಡಿಗೆ ಹೋಯಿತು. ಹನ್ನೆರಡನೆಯ ನಂಬರಿನವರ ಮನೆಯಲ್ಲೂ ಯಾರೋ ಲೋಟ ಬಡಿಯುತ್ತಿರಬಹುದು, ಯಾರೋ ನಿದ್ದೆಗೆಟ್ಟು ಕೂತಿರಬಹುದು, ಅವರಿಗೂ ಆರು ತಿಂಗಳು ಮುಗಿಯುತ್ತ ಬಂದಿರಬಹುದು ಎಂದು ಅವನು ಬಸ್ಸಿನಲ್ಲಿ ನಿಂತು ಯೋಚಿಸಿದ. ನಿಜವಾದ ಯೋಚನೆಯೇ. ಆದರೂ ಬೇರೆಯವರ ಅಳತೆಗೆ ಹೊಲಿದ ಅಂಗಿಯ ಹಾಗೆ ಅದು ಎಲ್ಲಿಯೂ ಸರಿಯಾಗಿ ಕೂರಲಿಲ್ಲ. ಎರಡು ನಿಲ್ದಾಣ ಮುಂದೆ ಹೋಗಿ ಇಳಿದು, ನಡೆದುಕೊಂಡು ವಾಪಸು ಬಂದ. ಏನು ಹೇಳಬೇಕೆಂದು ನಾಲ್ಕಾರು ತರಹ ಹೆಣೆದುಕೊಂಡ. ಕಂಪ್ಯೂಟರ್ ತಪ್ಪು ಮಾಡಿತು. ಮೇಲಿನವರು ಬದಲಾಯಿಸಿದರು. ಯಾವುದೋ ದೊಡ್ಡವರ ಕಡೆಯವರು ಬಂದರು. ಕೊನೆಯದನ್ನು ಅಣ್ಣ ಕೂಡಲೇ ನಂಬುತ್ತಾನೆ, ಮನಸಾರೆ ಬಯ್ಯುತ್ತಾನೆ, ಅದರಿಂದ ಅಣ್ಣನಿಗೂ ಸ್ವಲ್ಪ ಸಮಾಧಾನವಾಗುತ್ತದೆ ಎಂದು ಲೆಕ್ಕ ಹಾಕಿದ.

ಬಾಗಿಲು ತೆರೆದೇ ಇತ್ತು. ಅಣ್ಣ ಮಂಚದಲ್ಲಿರಲಿಲ್ಲ. ಬಾಗಿಲಿಗೆ ಮುಖ ಮಾಡಿ ಮರದ ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೋಳಿಸಿ, ತಲೆಗೆ ಎಣ್ಣೆ ಹಾಕಿ ಬಾಚಿತ್ತು. ಕಂಪನಿಯ ಹೆಸರಿದ್ದ ನೀಲಿ ಶರ್ಟು ಹಾಕಿದ್ದ; ಸೊರಗಿದ ಕುತ್ತಿಗೆಗೆ ಕಾಲರು ದೊಡ್ಡದಾಗಿತ್ತು. ಕಾಲಿಗೆ ಕೆಲಸಕ್ಕೆ ಹೋಗುವಾಗಿನ ಕಪ್ಪು ಶೂ. ಪಕ್ಕದಲ್ಲಿ ಜಿಪ್ಪು ಎಳೆದ ಬ್ಯಾಗು. ಲೋಟ ಎಲ್ಲಿಯೂ ಕಾಣಲಿಲ್ಲ.

"ಬಂದ ನೋಡಿ," ಅಂದಳು ಅತ್ತಿಗೆ ಅಡುಗೆಮನೆಯಿಂದ. "ಇವತ್ತೇ ಕರ್ಕೊಂಡು ಹೋಗ್ತಾನೇನೋ ಅಂತ ಮಧ್ಯಾಹ್ನದಿಂದ ಹೀಗೇ ಕೂತಿದಾರೆ. ನಾಳೆ ಇರ್ಬೇಕು ಅಂದ್ರೆ ಕೇಳ್ಬೇಕಲ್ಲ."

"ನಿಲ್ಲು ಅಲ್ಲೇ," ಎಂದು ಕೂಗಿದ ಅಣ್ಣ. "ಬರಬೇಡ. ನೋಡು."

ಅವನು ಹೊಸ್ತಿಲಲ್ಲಿ ನಿಂತ. ಅಣ್ಣ ಬಲಗೈಯಿಂದ ಕುರ್ಚಿಯ ತೋಳನ್ನು ಹಿಡಿದು, ದವಡೆ ಕಚ್ಚಿ, ಎದ್ದ. ಎದ್ದು ನಿಂತವನು ಒಂದು ಕ್ಷಣ ಬಾಗಿದ ಕಂಬದ ಹಾಗೆ ತೂಗಿದ. ಅತ್ತಿಗೆ ಬಂದು ಹತ್ತಿರ ನಿಂತಳು, ಮುಟ್ಟಲಿಲ್ಲ. ಅಣ್ಣ ಬಲಗಾಲು ಇಟ್ಟ. ಎಡಗಾಲನ್ನು ಸೊಂಟದಿಂದಲೇ ಬೀಸಿ ತಂದು ಅದರ ಪಕ್ಕ ಕೆಡವಿದ. ಶೂ ನೆಲಕ್ಕೆ ಟಪ್ಪೆಂದಿತು. ಮತ್ತೆ ಬಲಗಾಲು. ಮತ್ತೆ ಟಪ್. ಮುಖವೆಲ್ಲ ಬೆವರು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದಾಗ ಅದನ್ನು ಹಿಡಿದು ಅವನ ಎದುರಿಗೆ ನಿಂತ, ಉಸಿರು ಬಿಡುತ್ತ, ಓರೆ ಬಾಯಲ್ಲಿ ನಗುತ್ತ.

"ನಿನಗೆ ಹೇಳ್ಬಾರ್ದು ಅಂದಿದ್ರು," ಅಂದಳು ಅತ್ತಿಗೆ. "ನೀನು ಆಫೀಸಿಗೆ ಹೋದ್ಮೇಲೆ ದಿನಾ ಇದೇ. ಆ ಮೆಷಿನ್ ರಿಪೇರಿ ಆದ್ಮೇಲೆ ಕರೀತಾರಲ್ಲ, ನಿನ್ನ ಆಫೀಸಿನೋರ ಮುಂದೆ ಕುರ್ಚೀಲಿ ಹೋಗಲ್ಲ, ನಡ್ಕೊಂಡೇ ಹೋಗ್ತೀನಿ ಅಂತ."

ಅಣ್ಣನ ಬಲಗೈ ಚೌಕಟ್ಟು ಬಿಟ್ಟು ಅವನ ಭುಜದ ಮೇಲೆ ಬಂತು. ಭಾರವೆಲ್ಲ ಅದರಲ್ಲಿತ್ತು. "ಹೇಳಿದ್ಯೇನೋ ಅಲ್ಲಿ?" ಎಂದು ಕೇಳಿದ. ದನಿ ತಗ್ಗಿಸಲು ಪ್ರಯತ್ನಿಸುತ್ತಿದ್ದದ್ದು ಗೊತ್ತಾಗುತ್ತಿತ್ತು. "ನಾನು ನಿನ್ನ ಅಣ್ಣ ಅಂತ?"

"ಹೇಳಿದೆ."

"ಏನಂದ್ರು?"

"ಒಳ್ಳೇದಾಯ್ತು ಅಂದ್ರು."

ಅಣ್ಣ ತಲೆಯಾಡಿಸಿದ, ಅದು ತನಗೆ ಮೊದಲೇ ಗೊತ್ತಿತ್ತೆಂಬಂತೆ. ಅವನು ಅಣ್ಣನ ಸೊಂಟ ಹಿಡಿದು ನಿಧಾನವಾಗಿ ಹಿಂದೆ ನಡೆಸಿ ಕುರ್ಚಿಯಲ್ಲಿ ಕೂರಿಸಿದ. ದಾರಿಯಲ್ಲಿ ಹೆಣೆದುಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಿಂತರೆ ಅಣ್ಣನ ಮುಖ ನೋಡಬೇಕಾಗುತ್ತಿತ್ತು. ನೆಲದ ಮೇಲೆ ಕೂತು, ಅಣ್ಣನ ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಲೇಸನ್ನು ಅತ್ತಿಗೆ ಕಟ್ಟಿದ್ದಿರಬೇಕು, ಆದರೆ ಅಣ್ಣ ಹೇಳಿಕೊಟ್ಟ ಹಾಗೆಯೇ, ಎರಡು ಸುತ್ತು ಬಿಗಿದು. ಅವನು ಗಂಟಿನೊಳಗೆ ಉಗುರು ತೂರಿಸಿದ.

"ಯಾಕೋ ಬಿಚ್ತಿದೀಯ?" ಅಂದ ಅಣ್ಣ.

ಗಂಟು ಸಡಿಲವಾಗಲಿಲ್ಲ. ಅವನು ತಲೆ ಇನ್ನಷ್ಟು ಬಗ್ಗಿಸಿ ಹಲ್ಲು ಹಚ್ಚಿದ.